ಅಂದಲುಸ್: ಒಡೆದ ಮನೆಯ ಪಾಠ

(ಜುಮುಅ ಖುತ್ಬಾದ ಸಾರಾಂಶ)

ಸರ್ವಸ್ತುತಿ ಸರ್ವಲೋಕಗಳ ಪ್ರಭುವಾದ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಸಂದೇಶವಾಹಕರಾದ ಪ್ರವಾದಿ ಮುಹಮ್ಮದ್(ಸ), ಅವರ ಕುಟುಂಬ ಮತ್ತು ಸಹಾಬಿಗಳ ಮೇಲೆ ಅಲ್ಲಾಹನ ಶಾಂತಿ, ಅನುಗ್ರಹಗಳಿರಲಿ. ಎಲ್ಲ ಸ್ಥಿತಿಯಲ್ಲೂ ಅಲ್ಲಾಹನನ್ನು ಭಯಪಟ್ಟು ಬಾಳಬೇಕೆಂದು ಮೊದಲು ನಮಗೂ ನಂತರ ನಿಮಗೂ ನಾವು ಉಪದೇಶಿಸುತ್ತೇವೆ.



ಅಂದಲುಸ್ ಎಂಬ ಹೆಸರು ಕೇಳದ ಮುಸ್ಲಿಮ್ ಮನೆ ಬಹುಶಃ ಇಲ್ಲ. ಇಂದಿನ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಬಹುಭಾಗ ಒಂದು ಕಾಲದಲ್ಲಿ ಮುಸ್ಲಿಮರ ಆಡಳಿತದಲ್ಲಿತ್ತು. ಅಲ್ಹಂಬ್ರಾ ಅರಮನೆಯ ಚಿತ್ರ, ಕುರ್ತುಬಾದ ಮಸೀದಿಯ ಕೆಂಪು ಬಿಳಿ ಕಮಾನುಗಳ ಚಿತ್ರ ನಮ್ಮೆಲ್ಲರ ಮೊಬೈಲಿಗೆ ಬರುತ್ತಿರುತ್ತದೆ. ಚಿತ್ರ ನೋಡುತ್ತೇವೆ, "ಎಂಥ ವೈಭವವಿತ್ತು, ಎಲ್ಲ ಕಿತ್ತುಕೊಂಡರು" ಎಂದು ನಿಟ್ಟುಸಿರು ಬಿಡುತ್ತೇವೆ, ಇನ್ನೊಬ್ಬರಿಗೆ ಕಳುಹಿಸುತ್ತೇವೆ. ಅಲ್ಲಿಗೆ ಅಂದಲುಸ್ ಮುಗಿಯುತ್ತದೆ.

ಆದರೆ ಹಿಂದಿನವರ ಗತಿಯನ್ನು ಭೂಮಿಯಲ್ಲಿ ನಡೆದಾಡಿ ನೋಡಿರಿ ಎಂದು ಕುರ್‌ಆನ್ ಪದೇಪದೇ ಹೇಳಿರುವುದು ನಿಟ್ಟುಸಿರು ಬಿಡಲಿಕ್ಕಲ್ಲ, ಪಾಠ ಕಲಿಯಲಿಕ್ಕೆ. ಆದ್ದರಿಂದ ಇಂದು ನಾವು ಅಂದಲುಸಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಿತ್ತುಕೊಂಡವರು ಯಾರು ಎಂಬುದು ಎಲ್ಲರಿಗೂ ಗೊತ್ತು. ಕಿತ್ತುಕೊಳ್ಳಲು ಬಾಗಿಲು ತೆರೆದವರು ಯಾರು ಎಂಬುದನ್ನು ಕೇಳೋಣ.

ಕ್ರಿ.ಶ. 711ರಲ್ಲಿ ತಾರಿಖ್ ಬಿನ್ ಝಿಯಾದ್ ಆಫ್ರಿಕಾದಿಂದ ಸಮುದ್ರ ದಾಟಿ ಅಲ್ಲಿಗೆ ಬಂದಿಳಿದರು. ಅವರು ಇಳಿದ ಬೆಟ್ಟ ಇಂದಿಗೂ ಅವರ ಹೆಸರಿನಲ್ಲೇ ಇದೆ. ಜಬಲ್ ತಾರಿಖ್ ಎಂಬುದೇ ಜಿಬ್ರಾಲ್ಟರ್ ಆಯಿತು. ಆಗ ಅಲ್ಲಿ ವಿಸಿಗೋತ್ ಜನಾಂಗದ ರೊಡೆರಿಕ್ ರಾಜನಾಗಿದ್ದ. ಅವನ ಪಟ್ಟವನ್ನು ಒಪ್ಪದವರು ಅವನ ರಾಜ್ಯದಲ್ಲೇ ಇದ್ದರು. ಒಂದು ದೊಡ್ಡ ಯುದ್ಧ ಸೋತೊಡನೆ ಇಡೀ ರಾಜ್ಯ ಕುಸಿಯಿತು. ಒಳಗೆ ಒಡೆದಿದ್ದದ್ದು ಹೊರಗಿನ ಒಂದೇ ಪೆಟ್ಟಿಗೆ ಬಿದ್ದಿತು. ಈ ಮಾತನ್ನು ನೆನಪಿಡಿ. ಏಕೆಂದರೆ ಇದು ಯಾರದೋ ಒಂದು ಧರ್ಮದವರಿಗೆ ಮಾತ್ರ ಅನ್ವಯಿಸುವ ನಿಯಮವಲ್ಲ. ಅಲ್ಲಾಹನು ದಿನಗಳನ್ನು ಜನರ ನಡುವೆ ಸರದಿಯಂತೆ ತಿರುಗಿಸುತ್ತಾನೆ. ಅವನ ನಿಯಮ ಎಲ್ಲರಿಗೂ ಒಂದೇ.

756ರಲ್ಲಿ ಉಮಯ್ಯಾ ವಂಶದ ಅಬ್ದುರ್‍ರಹ್ಮಾನ್ ಕುರ್ತುಬಾದಲ್ಲಿ, ಅಂದರೆ ಇಂದಿನ ಕೊರ್ಡೊಬಾದಲ್ಲಿ, ಸ್ವತಂತ್ರ ಆಡಳಿತ ಸ್ಥಾಪಿಸಿದರು. 929ರಲ್ಲಿ ಅದೇ ವಂಶದ ಮೂರನೇ ಅಬ್ದುರ್‍ರಹ್ಮಾನ್ ತನ್ನನ್ನು ಖಲೀಫ ಎಂದು ಘೋಷಿಸಿಕೊಂಡರು. ಅವರ ಮಗ ಎರಡನೇ ಅಲ್ ಹಕಮ್ ಗ್ರಂಥಪ್ರೇಮಿ. ಅವರ ಗ್ರಂಥಾಲಯದಲ್ಲಿ ನಾಲ್ಕು ಲಕ್ಷ ಗ್ರಂಥಗಳಿದ್ದವು ಎಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಪುಸ್ತಕಗಳ ಪಟ್ಟಿಯೇ 44 ಸಂಪುಟಗಳಾಗಿದ್ದವಂತೆ. ಸಂಖ್ಯೆಯಲ್ಲಿ ಅತಿಶಯವಿದ್ದರೂ ಇರಬಹುದು. ಆದರೆ ಆ ಕಾಲದ ಯುರೋಪಿನ ಅತ್ಯಂತ ದೊಡ್ಡ, ಸ್ವಚ್ಛ, ವಿದ್ಯಾವಂತ ನಗರಗಳಲ್ಲಿ ಕುರ್ತುಬಾ ಒಂದಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ.

976ರಲ್ಲಿ ಅಲ್ ಹಕಮ್ ತೀರಿಕೊಂಡಾಗ ಮಗ ಹಿಶಾಮ್ ಇನ್ನೂ ಬಾಲಕ. ಅಧಿಕಾರವೆಲ್ಲ ಇಬ್ನ್ ಅಬೀ ಆಮಿರ್ ಎಂಬ ಸಚಿವನ ಕೈಸೇರಿತು. ಇತಿಹಾಸ ಅವನನ್ನು ಅಲ್ ಮನ್ಸೂರ್, ಅಂದರೆ ವಿಜಯಿ ಎಂದು ಕರೆಯುತ್ತದೆ. ಅವನು ಉತ್ತರದ ಕ್ರೈಸ್ತ ರಾಜ್ಯಗಳ ಮೇಲೆ ಐವತ್ತಕ್ಕೂ ಹೆಚ್ಚು ದಂಡಯಾತ್ರೆ ನಡೆಸಿದ. 997ರಲ್ಲಿ ಆ ನಾಡಿನ ಅತಿ ದೊಡ್ಡ ಕ್ರೈಸ್ತ ಯಾತ್ರಾಸ್ಥಳವಾದ ಸಾಂಟಿಯಾಗೊವನ್ನು ಧ್ವಂಸ ಮಾಡಿದ. ಸಂತನ ಸಮಾಧಿಯನ್ನು ಮಾತ್ರ ಮುಟ್ಟಲಿಲ್ಲ. ಚರ್ಚಿನ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಕುರ್ತುಬಾಕ್ಕೆ ತಂದ ಎಂದು ಇತಿಹಾಸ ಗ್ರಂಥಗಳು ಹೇಳುತ್ತವೆ. ಈ ದಂಡಯಾತ್ರೆಯಲ್ಲಿ ಕ್ರೈಸ್ತ ಸರದಾರರೂ ಅವನ ಜೊತೆಗಿದ್ದರು. ಅಂದು ಒಡೆದ ಮನೆ ಅವರದಾಗಿತ್ತು.

ಈ ಗಂಟೆಗಳ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮುಂದೆ ಹೇಳುತ್ತೇವೆ.

ಸಹೋದರರೇ, ಹೊರಗೆ ಗೆಲುವು ಕಾಣುತ್ತಿದ್ದಾಗ ಒಳಗೆ ಏನಾಗುತ್ತಿತ್ತು? ಖಲೀಫ ಅರಮನೆಯ ಕೈದಿಯಂತಿದ್ದ. ಅಧಿಕಾರ ಸೈನ್ಯದ ಬಲದ ಮೇಲೆ ನಿಂತಿತ್ತು. ಆ ಸೈನ್ಯದಲ್ಲಿ ಆಫ್ರಿಕಾದಿಂದ ಹೊಸದಾಗಿ ಬಂದ ಬರ್ಬರರು ಒಂದು ಗುಂಪು, ಯುರೋಪಿನಿಂದ ಗುಲಾಮರಾಗಿ ಬಂದು ಅಧಿಕಾರಿಗಳಾದ ಸಖಾಲಿಬಾ ಒಂದು ಗುಂಪು, ಹಳೆಯ ಅಂದಲುಸಿಗಳು ಇನ್ನೊಂದು ಗುಂಪು. ಎಲ್ಲರೂ ಒಂದೇ ಕಿಬ್ಲಾದತ್ತ ಮುಖ ಮಾಡಿ ನಮಾಝ್ ಮಾಡುವವರು. ಆದರೆ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಅಲ್ ಮನ್ಸೂರ್ 1002ರಲ್ಲಿ ಸತ್ತ. ಏಳು ವರ್ಷಗಳಲ್ಲಿ, 1009ರಲ್ಲಿ, ಎಲ್ಲವೂ ಸ್ಫೋಟಿಸಿತು.

ಕುರ್ತುಬಾದ ಜನರು ದಂಗೆ ಎದ್ದು ಒಬ್ಬನನ್ನು ಖಲೀಫನನ್ನಾಗಿ ಮಾಡಿದರು. ಬರ್ಬರ್ ಸೈನಿಕರು ಇನ್ನೊಬ್ಬನನ್ನು ಖಲೀಫನೆಂದು ಕರೆದರು. ಮುಂದೆ ನಡೆದದ್ದನ್ನು ಗಮನವಿಟ್ಟು ಕೇಳಿ. ಬರ್ಬರರು ಕಸ್ಟೀಲಿನ ಕ್ರೈಸ್ತ ಸರದಾರನ ಸೈನ್ಯವನ್ನು ಕರೆತಂದು ಕುರ್ತುಬಾವನ್ನು ಗೆದ್ದರು. ಮರುವರ್ಷ ಎದುರು ಪಕ್ಷದವರು ಬಾರ್ಸಿಲೋನಾದ ಕ್ರೈಸ್ತ ಸೈನ್ಯವನ್ನು ಹಣ ಕೊಟ್ಟು ಕರೆತಂದು ಬರ್ಬರರನ್ನು ಓಡಿಸಿದರು. ಹನ್ನೆರಡು ವರ್ಷಗಳ ಹಿಂದೆ ಯಾರ ಗಂಟೆಗಳನ್ನು ಹೊತ್ತು ತಂದಿದ್ದರೋ ಅದೇ ಉತ್ತರದ ನಾಡಿನ ಕತ್ತಿಯನ್ನು ಈಗ ಬಾಡಿಗೆಗೆ ತಂದರು. ಆ ಕತ್ತಿ ಎತ್ತಿದ್ದು ತಮ್ಮದೇ ಸಹೋದರರ ಮೇಲೆ.

1013ರಲ್ಲಿ ಬರ್ಬರ್ ಸೈನ್ಯ ಕುರ್ತುಬಾವನ್ನು ಲೂಟಿ ಮಾಡಿತು. ಖಲೀಫರ ಅರಮನೆಯ ನಗರವಾದ ಮದೀನತುಝ್ಝಹ್ರಾ ಈ ಗಲಭೆಯಲ್ಲೇ ಹಾಳಾಯಿತು. ಅದನ್ನು ಕೆಡವಿದ್ದು ಕ್ರೈಸ್ತ ರಾಜರಲ್ಲ. ಇಂದು ಅಗೆದು ತೆಗೆದ ಆ ಅವಶೇಷಗಳನ್ನು ನೋಡಿ ಕಣ್ಣೀರು ಹಾಕುವವರು ಇದನ್ನು ತಿಳಿದಿರಬೇಕು. ಮಹಾನ್ ವಿದ್ವಾಂಸ ಇಬ್ನ್ ಹಝ್ಮ್ ಆಗ ಹತ್ತೊಂಬತ್ತು ವರ್ಷದ ತರುಣ. ಅವರ ಮನೆಯೂ ಆ ಗಲಭೆಯಲ್ಲಿ ನಾಶವಾಯಿತು, ಅವರು ಊರು ಬಿಡಬೇಕಾಯಿತು. 1031ರಲ್ಲಿ ಕುರ್ತುಬಾದ ಹಿರಿಯರು ಸೇರಿ ಖಿಲಾಫತ್ತನ್ನೇ ರದ್ದು ಮಾಡಿದರು.

ನಾವು ಮದ್ರಸದಲ್ಲೂ ಕಾಲೇಜಿನಲ್ಲೂ ಓದಿದ ಪುಸ್ತಕಗಳು ಈ ಇತಿಹಾಸವನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತವೆ. ಒಂದರಲ್ಲಿ ಇದು ಕಳಕೊಂಡ ಸ್ವರ್ಗದ ಕಥೆ, ಇನ್ನೊಂದರಲ್ಲಿ ಕ್ರೈಸ್ತ ರಾಜರ ಮರುವಿಜಯದ ಕಥೆ. ಎರಡೂ 1492ನ್ನೇ ಬೆರಳಿಟ್ಟು ತೋರಿಸುತ್ತವೆ. ಆದರೆ ಕಾಲಗಣನೆ ನೋಡಿದರೆ ಗೋಡೆ ಬಿರುಕು ಬಿಟ್ಟದ್ದು 1009ರಲ್ಲಿ. ಬಿದ್ದು ಮುಗಿಯಲು ಇನ್ನೂ 483 ವರ್ಷ ಹಿಡಿಯಿತು ಅಷ್ಟೇ.

ಖಿಲಾಫತ್ ಹೋದ ಮೇಲೆ ಊರಿಗೊಬ್ಬ ದೊರೆ. ಇವರನ್ನು ಮುಲೂಕುತ್ತವಾಯಿಫ್, ಅಂದರೆ ಗುಂಪುಗಳ ರಾಜರು ಎಂದು ಕರೆಯುತ್ತಾರೆ. ಒಬ್ಬೊಬ್ಬರಿಗೂ ಖಲೀಫರಂಥ ಭಾರೀ ಬಿರುದುಗಳು. ಕೈಯಲ್ಲಿರುವುದು ಒಂದೆರಡು ಪಟ್ಟಣ. ಇವರ ಅರಮನೆಗಳಲ್ಲಿ ಕವಿಗಳಿದ್ದರು, ಗಣಿತಜ್ಞರಿದ್ದರು. ವಿದ್ಯೆಗೆ ಕೊರತೆಯಿರಲಿಲ್ಲ, ಹಣಕ್ಕೆ ಕೊರತೆಯಿರಲಿಲ್ಲ. ಸಹೋದರತ್ವಕ್ಕೆ ಕೊರತೆಯಿತ್ತು.

ಇವರಲ್ಲಿ ಒಂದು ಮನೆತನದ ಕಥೆಯನ್ನು ಇಂದು ವಿಶೇಷವಾಗಿ ಹೇಳಬೇಕು. ಸರಕುಸ್ತಾ, ಅಂದರೆ ಇಂದಿನ ಸರಗೋಸಾ ನಗರವನ್ನು ಹೂದ್ ಮನೆತನದವರು ಆಳುತ್ತಿದ್ದರು. ಆ ವಂಶದ ಸುಲೈಮಾನ್ ತನ್ನ ರಾಜ್ಯವನ್ನು ಐದು ಗಂಡುಮಕ್ಕಳಿಗೆ ಹಂಚಿ ತೀರಿಕೊಂಡ. ಅವರಲ್ಲಿ ಅಲ್ ಮುಖ್ತದಿರ್ ಎಂಬವನು ಸಹೋದರರ ಪಾಲನ್ನು ಕಸಿದುಕೊಳ್ಳಲು ಹೊರಟ. ಒಬ್ಬ ಸಹೋದರ ಮಾತ್ರ ಬಗ್ಗಲಿಲ್ಲ. ಇಬ್ಬರ ಜಗಳ ಸುಮಾರು ಮೂವತ್ತು ವರ್ಷ ನಡೆಯಿತು. ಕೊನೆಗೆ ಅಲ್ ಮುಖ್ತದಿರ್ ಗೆದ್ದ. ಗೆದ್ದು ಏನು ಮಾಡಿದ? 1081ರ ಹೊತ್ತಿಗೆ ತಾನೂ ರಾಜ್ಯವನ್ನು ತನ್ನ ಇಬ್ಬರು ಮಕ್ಕಳಿಗೆ ಹಂಚಿದ! ಸರಕುಸ್ತಾ ಅಲ್ ಮುಅ್ತಮಿನ್‌ಗೆ, ಲಾರಿದಾ ಮತ್ತು ಕರಾವಳಿ ಪ್ರದೇಶ ಅಲ್ ಮುಂದಿರ್‌ಗೆ. ತಂದೆ ಮಾಡಿದ್ದನ್ನು ನೋಡಿ ಬೆಳೆದ ಮಕ್ಕಳು ತಂದೆಯಂತೆಯೇ ಮಾಡಿದರು. ಅಲ್ ಮುಂದಿರ್ ಅರಗಾನಿನ ರಾಜನನ್ನೂ ಬಾರ್ಸಿಲೋನಾದ ಸರದಾರನನ್ನೂ ಅಣ್ಣನ ವಿರುದ್ಧ ಕರೆತಂದ. ಅಣ್ಣ ಅಲ್ ಮುಅ್ತಮಿನ್ ರೊಡ್ರಿಗೊ ಡಿಯಾಸ್ ಎಂಬ ಕಸ್ಟೀಲಿನ ಯೋಧನನ್ನು ಸಂಬಳಕ್ಕಿಟ್ಟುಕೊಂಡ. ಸ್ಪೇನಿನವರು ಇಂದು ಎಲ್ ಸಿದ್ ಎಂದು ಕೊಂಡಾಡುವ ವೀರ ಇವನೇ. ಸಿದ್ ಎಂಬ ಪದವೂ ಅರಬಿಯ ಸಯ್ಯಿದ್‌ನಿಂದ ಬಂದದ್ದು.

ಈ ಅಲ್ ಮುಅ್ತಮಿನ್ ಮೂರ್ಖನೇನೂ ಅಲ್ಲ. ಆ ಕಾಲದ ದೊಡ್ಡ ಗಣಿತಜ್ಞರಲ್ಲಿ ಒಬ್ಬ. ರೇಖಾಗಣಿತದ ಬಗ್ಗೆ ಅವನು ಬರೆದ ಅಲ್ ಇಸ್ತಿಕ್ಮಾಲ್ ಎಂಬ ಗ್ರಂಥವನ್ನು ವಿದ್ವಾಂಸರು ಈಗಲೂ ಅಧ್ಯಯನ ಮಾಡುತ್ತಾರೆ. ಕಠಿಣ ಲೆಕ್ಕಗಳನ್ನು ಬಿಡಿಸಬಲ್ಲವನಿಗೆ ತಮ್ಮನ ಜೊತೆಗಿನ ಒಂದು ಲೆಕ್ಕ ಬಿಡಿಸಲಾಗಲಿಲ್ಲ. ಫಲಿತಾಂಶ ಏನಾಯಿತು? ಇವರ ಮನೆಯಲ್ಲಿ ಉಂಡು, ಇವರ ನಾಡಿನ ದಾರಿ ಬಾಗಿಲುಗಳನ್ನೆಲ್ಲ ತಿಳಿದುಕೊಂಡ ರೊಡ್ರಿಗೊ 1094ರಲ್ಲಿ ಬಲನ್ಸಿಯಾ ನಗರವನ್ನು ತನಗಾಗಿಯೇ ವಶಪಡಿಸಿಕೊಂಡ. 1118ರಲ್ಲಿ ಸರಕುಸ್ತಾ ಅರಗಾನಿನ ರಾಜನ ಪಾಲಾಯಿತು. ಅಣ್ಣನಿಗೂ ಉಳಿಯಲಿಲ್ಲ, ತಮ್ಮನಿಗೂ ಉಳಿಯಲಿಲ್ಲ.

ಇನ್ನು ಹಣದ ಲೆಕ್ಕ ಕೇಳಿ. ಈ ಗುಂಪುಗಳ ರಾಜರು ಒಬ್ಬರಿಂದ ಒಬ್ಬರು ರಕ್ಷಣೆ ಪಡೆಯಲು ಕ್ರೈಸ್ತ ರಾಜರಿಗೆ ವರ್ಷ ವರ್ಷವೂ ಚಿನ್ನದ ಕಪ್ಪ ಕೊಡುತ್ತಿದ್ದರು. ಸ್ಪ್ಯಾನಿಷ್ ಭಾಷೆಯಲ್ಲಿ ಇದಕ್ಕೆ ಪರಿಯಾಸ್ ಎನ್ನುತ್ತಾರೆ. ಈ ಚಿನ್ನ ಎಷ್ಟಿತ್ತೆಂದರೆ ರಾಜ ಫರ್ಡಿನಾಂಡ್ ಫ್ರಾನ್ಸಿನ ಕ್ಲೂನಿ ಎಂಬ ಕ್ರೈಸ್ತ ಮಠಕ್ಕೆ ವರ್ಷಕ್ಕೆ 1000 ಚಿನ್ನದ ನಾಣ್ಯ ಕೊಡುತ್ತಿದ್ದ. ಅವನ ಮಗ ಆರನೇ ಅಲ್ಫೋನ್ಸೊ ಅದನ್ನು 2000 ಮಾಡಿದ. 1088ರಲ್ಲಿ ಆರಂಭವಾದ ಕ್ಲೂನಿಯ ಮಹಾ ಚರ್ಚಿನ ನಿರ್ಮಾಣಕ್ಕೆ ಈ ಹಣ ನೆರವಾಯಿತು. ಅಂದಲುಸಿನ ಮುಸ್ಲಿಮ್ ರೈತ ಮತ್ತು ವ್ಯಾಪಾರಿ ಕೊಟ್ಟ ತೆರಿಗೆ, ತನ್ನ ಸಹೋದರನ ಮೇಲಿನ ಹಗೆಯ ಕಾರಣದಿಂದ, ಎಲ್ಲಿಗೆ ಹೋಗಿ ಮುಟ್ಟಿತು ನೋಡಿ.

ಗರ್ನಾತಾದ, ಅಂದರೆ ಗ್ರನಾಡಾದ ದೊರೆ ಅಬ್ದುಲ್ಲಾಹ್ ಬಿನ್ ಬುಲುಗ್ಗೀನ್ ಪದಚ್ಯುತನಾಗಿ ಮೊರೊಕ್ಕೊದ ಅಗ್ಮಾತ್ ಎಂಬ ಊರಿನಲ್ಲಿ ಸೆರೆಯಲ್ಲಿದ್ದಾಗ ತನ್ನ ಆತ್ಮಕಥೆ ಬರೆದ. ಆ ಪುಸ್ತಕ ಉಳಿದುಕೊಂಡಿದೆ. ಅಲ್ಫೋನ್ಸೊನ ಯೋಜನೆ ಏನಾಗಿತ್ತೆಂದು ಅದರಲ್ಲಿ ಬಿಡಿಸಿ ಹೇಳಿದ್ದಾನೆ. ಇವರ ಮೇಲೆ ಯುದ್ಧ ಮಾಡಿ ತನ್ನ ಜನರನ್ನು ಕಳೆದುಕೊಳ್ಳುವ ಅಗತ್ಯ ಅಲ್ಫೋನ್ಸೊನಿಗೆ ಇರಲಿಲ್ಲ. ಒಬ್ಬನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುವುದು, ಇಬ್ಬರಿಂದಲೂ ಹಣ ತೆಗೆಯುವುದು, ಬಳಲಿ ಬಿದ್ದಾಗ ಎತ್ತಿಕೊಳ್ಳುವುದು. ಇದು ಗುಟ್ಟೇನೂ ಆಗಿರಲಿಲ್ಲ. ಎಲ್ಲ ದೊರೆಗಳಿಗೂ ಗೊತ್ತಿತ್ತು. ಗೊತ್ತಿದ್ದೂ ಕಪ್ಪ ಕೊಟ್ಟರು. ಏಕೆಂದರೆ ಅಲ್ಫೋನ್ಸೊನ ಭಯಕ್ಕಿಂತ ಪಕ್ಕದ ಊರಿನ ಮುಸ್ಲಿಮ್ ದೊರೆಯ ಮೇಲಿನ ಮತ್ಸರ ದೊಡ್ಡದಾಗಿತ್ತು.

ನ್ಯಾಯವಾಗಿ ಹೇಳುವುದಾದರೆ ಅಲ್ಫೋನ್ಸೊನ ಮನೆಯಲ್ಲೂ ಜಗಳವಿತ್ತು. 1065ರಲ್ಲಿ ಅವನ ತಂದೆಯೂ ರಾಜ್ಯವನ್ನು ಮೂವರು ಗಂಡುಮಕ್ಕಳಿಗೆ ಹಂಚಿದ್ದ. ಅವರೂ ಹೊಡೆದಾಡಿದರು. ಸೋತ ಅಲ್ಫೋನ್ಸೊ 1072ರಲ್ಲಿ ಓಡಿಬಂದು ಆಶ್ರಯ ಪಡೆದದ್ದು ತುಲೈತುಲಾದ, ಅಂದರೆ ಟೊಲೆಡೊದ ಮುಸ್ಲಿಮ್ ದೊರೆಯ ಅರಮನೆಯಲ್ಲಿ. ಅಣ್ಣ ಸತ್ತ ಮೇಲೆ ಹಿಂದಿರುಗಿ ರಾಜ್ಯವನ್ನು ಮತ್ತೆ ಒಂದು ಮಾಡಿದ. ಹದಿಮೂರು ವರ್ಷಗಳ ನಂತರ, 1085ರ ಮೇ ತಿಂಗಳಲ್ಲಿ, ತನಗೆ ಆಶ್ರಯ ಕೊಟ್ಟ ಅದೇ ನಗರವನ್ನು ಒಪ್ಪಂದದ ಮೂಲಕ ಪಡೆದುಕೊಂಡ. ಒಪ್ಪಂದದಲ್ಲಿ ಜಾಮಿಅ ಮಸೀದಿ ಮುಸ್ಲಿಮರಿಗೇ ಇರುತ್ತದೆ ಎಂಬ ಮಾತಿತ್ತು. ಕೆಲವೇ ಕಾಲದಲ್ಲಿ ಅದು ಚರ್ಚ್ ಆಯಿತು.

ತುಲೈತುಲಾ ಹೋದಾಗ ದೊರೆಗಳಿಗೆ ಎಚ್ಚರವಾಯಿತು. ಇಶ್ಬೀಲಿಯಾದ ಅಲ್ ಮುಅ್ತಮಿದ್ ಮತ್ತಿತರರು ಸೇರಿ ಮೊರೊಕ್ಕೊದ ಮುರಾಬಿತೀನ್ ನಾಯಕ ಯೂಸುಫ್ ಬಿನ್ ತಾಶುಫೀನ್‌ರನ್ನು ಕರೆದರು. 1086ರ ಅಕ್ಟೋಬರ್ 23ರಂದು ಝಲ್ಲಾಖಾ ಎಂಬಲ್ಲಿ ಅಲ್ಫೋನ್ಸೊ ಭಾರೀ ಸೋಲು ಕಂಡ. ಎಲ್ಲರೂ ಒಟ್ಟಾಗಿ ನಿಂತ ಒಂದೇ ದಿನ ಇಷ್ಟು ಫಲ ಕೊಟ್ಟಿತು. ಆದರೆ ಎರಡು ವರ್ಷಗಳ ನಂತರ ಅಲೀತ್ ಕೋಟೆಯ ಮುತ್ತಿಗೆಯಲ್ಲಿ ಅದೇ ದೊರೆಗಳು ಯೂಸುಫರ ಡೇರೆಯಲ್ಲೇ ಒಬ್ಬರ ಮೇಲೊಬ್ಬರು ದೂರು ಹೇಳುತ್ತಾ ಕುಳಿತರು. ಮುತ್ತಿಗೆ ವಿಫಲವಾಯಿತು. ಬೇಸತ್ತ ಯೂಸುಫ್ ಈ ದೊರೆಗಳನ್ನೇ ಒಬ್ಬೊಬ್ಬರಾಗಿ ಕೆಳಗಿಳಿಸಿದರು. ಆಗ ಅಲ್ ಮುಅ್ತಮಿದ್ ಸಹಾಯಕ್ಕಾಗಿ ಯಾರ ಬಳಿಗೆ ಜನರನ್ನು ಕಳುಹಿಸಿದ ಗೊತ್ತೇ? ಅಲ್ಫೋನ್ಸೊನ ಬಳಿಗೆ! ಅದೂ ಫಲಿಸಲಿಲ್ಲ. ಅವನೂ ಅಗ್ಮಾತ್‌ನಲ್ಲೇ ಸೆರೆಯಾಗಿ 1095ರಲ್ಲಿ ಬಡತನದಲ್ಲಿ ತೀರಿಕೊಂಡ.

ಮುಂದಿನ ಕಥೆಯನ್ನು ಚುಟುಕಾಗಿ ಹೇಳುತ್ತೇವೆ. ಮುರಾಬಿತೀನ್ ಹೋಗಿ ಮುವಹ್ಹಿದೀನ್ ಬಂದರು. 1212ರ ಜುಲೈ 16ರಂದು ಅಲ್ ಇಖಾಬ್ ಯುದ್ಧದಲ್ಲಿ ಅವರು ಸೋತರು. ಸ್ಪೇನಿನವರು ಇದನ್ನು ಲಾಸ್ ನಾವಾಸ್ ದೆ ತೊಲೊಸಾ ಎನ್ನುತ್ತಾರೆ. ಅಂದು ಜಗಳವಾಡುತ್ತಿದ್ದ ಕಸ್ಟೀಲ್, ಅರಗಾನ್, ನವಾರಾ ರಾಜರು ಒಂದೇ ಕಡೆ ನಿಂತಿದ್ದರು. ಈ ಸೋಲಿಗಿಂತ ಕೆಟ್ಟದ್ದು ನಂತರ ಬಂದಿತು. 1224ರಲ್ಲಿ ಪಟ್ಟಕ್ಕಾಗಿ ಮುವಹ್ಹಿದೀನ್ ರಾಜಕುಮಾರರಲ್ಲಿ ಜಗಳ. ಒಬ್ಬೊಬ್ಬನೂ ಕಸ್ಟೀಲಿನ ರಾಜನಿಗೆ ಕೋಟೆಗಳನ್ನು ಕೊಟ್ಟು ಸೈನ್ಯ ಕೇಳಿದ. ಮತ್ತೆ ಅದೇ ಹಳೆಯ ಬಾಡಿಗೆ ಕತ್ತಿ.

1236ರ ಜೂನ್‌ನಲ್ಲಿ ಕುರ್ತುಬಾ ಬಿದ್ದಿತು. ಮೂರನೇ ಫರ್ಡಿನಾಂಡ್ ಒಳಗೆ ಬಂದ. 239 ವರ್ಷಗಳ ಹಿಂದೆ ಅಲ್ ಮನ್ಸೂರ್ ತಂದಿದ್ದ ಗಂಟೆಗಳು ಅಲ್ಲೇ ಇದ್ದವು. ಅವುಗಳನ್ನು ಮುಸ್ಲಿಮ್ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಸಾಂಟಿಯಾಗೊಗೆ ಕಳುಹಿಸಿದ ಎಂದು ಇತಿಹಾಸ ಹೇಳುತ್ತದೆ. ಹೊರಿಸಿದವರ ಹೆಸರು ಗ್ರಂಥಗಳಲ್ಲಿದೆ. ಹೊತ್ತವರ ಹೆಸರು, ಅತ್ತ ಕಡೆಯವರದ್ದಾಗಲಿ ಇತ್ತ ಕಡೆಯವರದ್ದಾಗಲಿ, ಎಲ್ಲೂ ಇಲ್ಲ. ದೊರೆಗಳ ಹಗೆಯ ಭಾರ ಯಾವಾಗಲೂ ಹೆಸರಿಲ್ಲದವರ ಹೆಗಲಿಗೇ ಬೀಳುತ್ತದೆ. ನಾಳೆ ಅಲ್ಲಾಹನ ಮುಂದೆ ಮಾತ್ರ ಆ ಹೆಗಲುಗಳಿಗೂ ಹೆಸರಿರುತ್ತದೆ.

1248ರಲ್ಲಿ ಇಶ್ಬೀಲಿಯಾ ಬಿದ್ದಾಗ ಮುತ್ತಿಗೆ ಹಾಕಿದ ಫರ್ಡಿನಾಂಡನ ಸೈನ್ಯದಲ್ಲಿ ಗರ್ನಾತಾದ ದೊರೆ ಇಬ್ನುಲ್ ಅಹ್ಮರ್ ಕಳುಹಿಸಿದ ಮುಸ್ಲಿಮ್ ಕುದುರೆ ಸವಾರರೂ ಇದ್ದರು. ಎರಡು ವರ್ಷಗಳ ಹಿಂದೆ ಅವನು ಫರ್ಡಿನಾಂಡನ ಸಾಮಂತನಾಗಿ ಒಪ್ಪಂದ ಮಾಡಿಕೊಂಡಿದ್ದ. ಆ ಒಪ್ಪಂದದಿಂದ ಅವನ ವಂಶಕ್ಕೆ ಗರ್ನಾತಾ ಇನ್ನೂ 246 ವರ್ಷ ಉಳಿಯಿತು. ಅಲ್ಹಂಬ್ರಾ ಅರಮನೆ ಕಟ್ಟಿದ್ದು ಈ ವಂಶದವರೇ.

ಕೊನೆಗೆ ಗರ್ನಾತಾ. ಕಸ್ಟೀಲಿನ ರಾಣಿ ಇಸಬೆಲ್ಲಾ, ಅರಗಾನಿನ ರಾಜ ಫರ್ಡಿನಾಂಡ್ ಮದುವೆಯಾಗಿ ಎರಡು ರಾಜ್ಯ ಒಂದಾಯಿತು. ಅದೇ ಸಮಯಕ್ಕೆ ಗರ್ನಾತಾದಲ್ಲಿ ಒಂದು ಮನೆ ಮೂರಾಯಿತು. ತಂದೆ ಅಬುಲ್ ಹಸನ್, ಮಗ ಅಬೂ ಅಬ್ದಿಲ್ಲಾಹ್, ಚಿಕ್ಕಪ್ಪ ಅಝ್ಝಗಲ್. 1482ರಲ್ಲಿ ಗಡಿಯಲ್ಲಿ ಯುದ್ಧ ನಡೆಯುತ್ತಿರುವಾಗಲೇ ಮಗ ತಂದೆಯನ್ನು ಓಡಿಸಿ ಪಟ್ಟವೇರಿದ. ಮರುವರ್ಷ ಸೆರೆಸಿಕ್ಕಿದ. ಫರ್ಡಿನಾಂಡ್ ಅವನನ್ನು ಕೊಲ್ಲಲಿಲ್ಲ, ಸಾಮಂತನನ್ನಾಗಿ ಮಾಡಿ ಬಿಟ್ಟುಬಿಟ್ಟ. ಇಂಥವನು ಸೆರೆಯಲ್ಲಿರುವುದಕ್ಕಿಂತ ಮನೆಯಲ್ಲಿದ್ದರೆ ತನಗೆ ಲಾಭ ಎಂದು ಅವನಿಗೆ ಗೊತ್ತಿತ್ತು. 1487ರಲ್ಲಿ ಮಾಲಖಾ ನಗರ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಹಸಿವಿನಿಂದ ನರಳಿತು. ಗರ್ನಾತಾದಿಂದ ನೆರವು ಬರಲಿಲ್ಲ. ನಗರ ಸೋತಾಗ ಅಲ್ಲಿನ ಬಹುತೇಕ ಜನರನ್ನು ಗುಲಾಮರನ್ನಾಗಿ ಮಾಡಲಾಯಿತು. ನಾಲ್ಕು ವರ್ಷಗಳ ನಂತರ ಗರ್ನಾತಾ ಒಂಟಿಯಾಗಿತ್ತು. 1491ರ ನವೆಂಬರ್ 25ರಂದು ಒಪ್ಪಂದ, 1492ರ ಜನವರಿ 2ರಂದು ನಗರದ ಹಸ್ತಾಂತರ.

ಆ ದಿನ ಬೆಟ್ಟದ ಮೇಲೆ ನಿಂತು ದೊರೆ ಅತ್ತದ್ದು, ತಾಯಿ ಮೂದಲಿಸಿದ್ದು ಎಲ್ಲ ನಂತರದವರು ಕಟ್ಟಿದ ಕಥೆ. ಒಬ್ಬನ ಕಣ್ಣೀರಿಗೆ ಇಡೀ ತಪ್ಪನ್ನು ಹೊರಿಸುವುದು ಸುಲಭ. ಐದು ಶತಮಾನಗಳ ಲೆಕ್ಕ ಅಷ್ಟು ಸುಲಭದಲ್ಲಿ ಮುಗಿಯುವುದಿಲ್ಲ.

ಒಪ್ಪಂದದಲ್ಲಿ ಮುಸ್ಲಿಮರ ಧರ್ಮ, ಮಸೀದಿ, ಆಸ್ತಿ, ಖಾಝಿಗಳ ನ್ಯಾಯ ಎಲ್ಲಕ್ಕೂ ರಕ್ಷಣೆಯ ಮಾತಿತ್ತು. ಬಲವಂತದ ಮತಾಂತರ ಇಲ್ಲ ಎಂದಿತ್ತು. ಮೊದಲ ಆರ್ಚ್‌ಬಿಷಪ್ ತಲವೆರಾ ಮಾತಿಗೆ ಬೆಲೆ ಕೊಟ್ಟವರು. ಬಲವಂತ ಬೇಡವೆಂದರು, ಪಾದ್ರಿಗಳಿಗೆ ಅರಬಿ ಕಲಿಯಲು ಹೇಳಿದರು. ಮುಸ್ಲಿಮರೂ ಅವರನ್ನು ಗೌರವಿಸಿದರು. ಆದರೆ 1499ರಲ್ಲಿ ಸಿಸ್ನೆರೋಸ್ ಬಂದು ಬಲವಂತದ ಮತಾಂತರ ಆರಂಭಿಸಿದರು, ಅರಬಿ ಗ್ರಂಥಗಳನ್ನು ಸುಡಿಸಿದರು. 1502ರಲ್ಲಿ ಕಸ್ಟೀಲಿನ ಮುಸ್ಲಿಮರಿಗೆ ಮತಾಂತರ ಇಲ್ಲವೇ ದೇಶತ್ಯಾಗ ಎಂಬ ಆಜ್ಞೆ ಬಂತು. ಕೊನೆಗೆ 1609ರಿಂದ 1614ರ ನಡುವೆ ಸುಮಾರು ಮೂರು ಲಕ್ಷ ಜನರನ್ನು, ಅಂದರೆ ಮತಾಂತರಗೊಂಡವರ ಮಕ್ಕಳು ಮೊಮ್ಮಕ್ಕಳನ್ನು, ದೇಶದಿಂದ ಹೊರಹಾಕಲಾಯಿತು. ಯಹೂದಿಗಳಿಗಂತೂ 1492ರ ಮಾರ್ಚ್ 31ರಂದೇ ಗಡೀಪಾರಿನ ಆಜ್ಞೆಯಾಗಿತ್ತು. ಅವರಲ್ಲಿ ಬಹಳ ಮಂದಿಗೆ ಆಶ್ರಯ ಸಿಕ್ಕಿದ್ದು ಉಸ್ಮಾನಿ ಸುಲ್ತಾನರ ನಾಡಿನಲ್ಲಿ ಮತ್ತು ಮೊರೊಕ್ಕೊದಲ್ಲಿ.

ಸಹೋದರರೇ, ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಸಿಸ್ನೆರೋಸ್ ಮಾಡಿದ್ದಕ್ಕೆ ನಮ್ಮ ನೆರೆಮನೆಯ ಕ್ರೈಸ್ತ ಸಹೋದರ ಉತ್ತರ ಹೇಳಬೇಕಾಗಿಲ್ಲ. ಒಬ್ಬರ ಪಾಪದ ಭಾರವನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬುದು ಕುರ್‌ಆನ್ ಕಲಿಸಿದ ನ್ಯಾಯ. ನಾಳೆ ಯಾರಾದರೂ ಯಾವುದೋ ಸುಲ್ತಾನನ ಲೆಕ್ಕವನ್ನು ನಮ್ಮ ಮಕ್ಕಳ ಮುಂದಿಟ್ಟಾಗ ನಾವು ಇದೇ ನ್ಯಾಯವನ್ನು ಕೇಳುತ್ತೇವೆ. ಕೇಳುವವರು ಕೊಡಲೂ ಬೇಕು. ಅಂದಲುಸಿನಲ್ಲಿ ನಮ್ಮವರ ಕೈಯೂ ಸದಾ ಸ್ವಚ್ಛವಾಗಿರಲಿಲ್ಲ. 1066ರಲ್ಲಿ ಗರ್ನಾತಾದಲ್ಲಿ ಯಹೂದಿಗಳ ಮೇಲೆ ಭೀಕರ ಹತ್ಯಾಕಾಂಡ ನಡೆಯಿತು. ಮುವಹ್ಹಿದೀನ್ ಕಾಲದ ಕಿರುಕುಳಕ್ಕೆ ಹೆದರಿ ಮೂಸಾ ಬಿನ್ ಮೈಮೂನ್ ಎಂಬ ಮಹಾ ಯಹೂದಿ ವಿದ್ವಾಂಸರ ಕುಟುಂಬ ಕುರ್ತುಬಾ ಬಿಟ್ಟಿತು. ಅದೇ ಆಡಳಿತ ನಮ್ಮವರೇ ಆದ ಇಬ್ನ್ ರುಶ್ದ್‌ರನ್ನು 1195ರಲ್ಲಿ ಗಡೀಪಾರು ಮಾಡಿ ಅವರ ಪುಸ್ತಕಗಳನ್ನು ಸುಡಿಸಿತು. ಪುಸ್ತಕ ಸುಡುವುದನ್ನು ಸಿಸ್ನೆರೋಸರೇ ಆರಂಭಿಸಿದ್ದಲ್ಲ. ಅನ್ಯಾಯ ಯಾರು ಮಾಡಿದರೂ ಅನ್ಯಾಯವೇ. ಸ್ವಂತ ಜನರ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂದು ಅಲ್ಲಾಹನು ನಮಗೆ ಆಜ್ಞಾಪಿಸಿದ್ದಾನೆ.

ಇನ್ನು ಈ ಪಾಠವನ್ನು ನಮ್ಮ ಮನೆಗೆ ತರೋಣ. ನಮ್ಮಲ್ಲಿ ರಾಜ್ಯವಿಲ್ಲ, ಕೋಟೆಯಿಲ್ಲ. ಆದರೆ ಮನೆಯಿದೆ, ಹತ್ತು ಸೆಂಟ್ಸ್ ಜಾಗವಿದೆ, ಮಸೀದಿಯ ಕಮಿಟಿಯಿದೆ. ಹೂದ್ ಮನೆತನದ ಜಗಳ ಅಷ್ಟು ಜಾಗದಲ್ಲೇ ನಡೆಯಬಹುದು.

ತಂದೆ ತೀರಿಕೊಂಡ ಮನೆಯಲ್ಲಿ ಅಣ್ಣ ತಮ್ಮಂದಿರು ಹತ್ತು ವರ್ಷದಿಂದ ಕೋರ್ಟಿಗೆ ಅಲೆಯುವುದನ್ನು ನಾವು ನೋಡುತ್ತಿದ್ದೇವೆ. ಜಾಗದ ಬೆಲೆಗಿಂತ ಹೆಚ್ಚು ಹಣ ಖರ್ಚಾಗಿರುತ್ತದೆ. ಅದು ಇಂದಿನ ಪರಿಯಾಸ್. ಪಾಲಿನ ಲೆಕ್ಕವನ್ನು ಅಲ್ಲಾಹನು ಸೂರಃ ಅನ್ನಿಸಾದಲ್ಲಿ ಸ್ವತಃ ಹಂಚಿ ಕೊಟ್ಟಿದ್ದಾನೆ, ಮನುಷ್ಯರ ಮರ್ಜಿಗೆ ಬಿಡಲಿಲ್ಲ. ಆದರೂ ಸಹೋದರಿಯ ಪಾಲನ್ನು ನುಂಗುವವರಿದ್ದಾರೆ. ಹಿರಿಯರು ಬದುಕಿರುವಾಗಲೇ ಲೆಕ್ಕ ಸ್ಪಷ್ಟ ಮಾಡಿಡಿ, ಸಾಲ ಬರೆದಿಡಿ. ಮುಖ್ಯವಾಗಿ ನಿಮ್ಮ ಅಣ್ಣ ತಮ್ಮಂದಿರ ಜೊತೆ ನೀವು ಹೇಗಿದ್ದೀರಿ ಎಂಬುದನ್ನು ನಿಮ್ಮ ಮಕ್ಕಳು ನೋಡುತ್ತಿದ್ದಾರೆ. ಅಲ್ ಮುಖ್ತದಿರನ ಮಕ್ಕಳೂ ನೋಡುತ್ತಿದ್ದರು.

ಜಮಾಅತ್‌ಗಳಲ್ಲೂ ಇದೇ. ಕಾರ್ಯದರ್ಶಿ ಯಾರಾಗಬೇಕೆಂಬ ಜಗಳದಲ್ಲಿ ಮಸೀದಿಗೆ ಬೀಗ ಬಿದ್ದದ್ದುಂಟು, ಠಾಣೆಯ ಮೆಟ್ಟಿಲು ಹತ್ತಿದ್ದುಂಟು. ಹಕ್ಕು ಕಳಕೊಂಡವನು ಕಾನೂನಿನ ಮೊರೆ ಹೋಗುವುದು ತಪ್ಪಲ್ಲ. ಅನ್ಯಾಯಕ್ಕೊಳಗಾದವನನ್ನು ಒಗ್ಗಟ್ಟಿನ ಹೆಸರಿನಲ್ಲಿ ಬಾಯಿ ಮುಚ್ಚಿಸುವುದೂ ಇಸ್ಲಾಮ್ ಅಲ್ಲ. ಎರಡು ಗುಂಪುಗಳು ಜಗಳವಾಡಿದರೆ ನ್ಯಾಯದಿಂದ ಸಂಧಿ ಮಾಡಿಸಿರಿ ಎಂದು ಸೂರಃ ಅಲ್ ಹುಜುರಾತ್ ಕಲಿಸುತ್ತದೆ. ಸಂಧಿಯ ಜೊತೆಗೆ ನ್ಯಾಯ ಎಂಬ ಪದವೂ ಇದೆ. ಆದರೆ ಎದುರಿನವನನ್ನು ಕೆಡಹಬೇಕೆಂಬ ಒಂದೇ ಹಟದಿಂದ ಹೊರಗಿನ ಬಲವನ್ನು ಮನೆಯೊಳಗೆ ತರುವುದಿದೆಯಲ್ಲ, ಅದು ಬಾಡಿಗೆ ಕತ್ತಿ. ಅದು ಒಮ್ಮೆ ಒಳಗೆ ಬಂದರೆ ಯಾರ ಮಾತನ್ನೂ ಕೇಳುವುದಿಲ್ಲ. ಪರಸ್ಪರ ಕಚ್ಚಾಡಬೇಡಿ, ಧೈರ್ಯ ಕಳಕೊಳ್ಳುವಿರಿ, ನಿಮ್ಮ ಬಲ ಹೊರಟುಹೋಗುವುದು ಎಂಬ ಎಚ್ಚರಿಕೆ ಸೂರಃ ಅಲ್ ಅನ್ಫಾಲ್‌ನಲ್ಲಿದೆ. ಅಂದಲುಸ್ ಅದರ ಐದು ಶತಮಾನಗಳ ವಿವರಣೆ.

ಮಾತು ಬಿಟ್ಟ ಸಹೋದರನೊಂದಿಗೆ ಮೂರು ದಿನಕ್ಕಿಂತ ಹೆಚ್ಚು ಮುನಿಸು ಸಲ್ಲದು, ಮೊದಲು ಸಲಾಮ್ ಹೇಳುವವನೇ ಉತ್ತಮನು ಎಂದು ಪ್ರವಾದಿ(ಸ) ಕಲಿಸಿದರು. ಇಬ್ಬರ ನಡುವೆ ಸಂಬಂಧ ಸರಿಪಡಿಸುವುದನ್ನು ಐಚ್ಛಿಕ ಉಪವಾಸ, ನಮಾಝ್, ದಾನಗಳಿಗಿಂತಲೂ ಮೇಲೆಂದರು. ಈ ಸಫ್‌ನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರಲ್ಲಿ ಹೊರಗೆ ಹೋದೊಡನೆ ಮುಖ ತಿರುಗಿಸಿಕೊಳ್ಳುವವರು ಇರಬಹುದು. ಅವರಿಗೆ ನಮ್ಮ ವಿನಂತಿ ಇಷ್ಟೇ. ಇಂದಿನ ಜುಮುಅ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುವ ಜಾಗದಲ್ಲೇ ಒಂದು ಸಲಾಮ್ ಹೇಳಿ. ಮನೆಯ ತಾಯಂದಿರು, ಸಹೋದರಿಯರು ಇದನ್ನು ಓದುತ್ತಿದ್ದರೆ ಮುನಿಸಿಕೊಂಡ ಮನೆಗೆ ಈ ವಾರ ಒಂದು ಫೋನ್ ಮಾಡಿಸಿ. ಅಲ್ಹಂಬ್ರಾದ ಚಿತ್ರ ನೂರು ಮಂದಿಗೆ ಕಳುಹಿಸುವುದಕ್ಕಿಂತ ಅದು ಅಂದಲುಸಿನ ಉತ್ತಮ ನೆನಪು.

ಒಂದು ಮಾತು ಉಳಿದಿದೆ. ಗಡೀಪಾರಾಗುವವರೆಗೂ ಅಲ್ಲಿನ ಬಡ ಮುಸ್ಲಿಮರು ಅರಬಿ ಭಾಷೆ ಮರೆತುಹೋದರೂ ಸ್ಪ್ಯಾನಿಷ್ ಭಾಷೆಯನ್ನೇ ಅರಬಿ ಲಿಪಿಯಲ್ಲಿ ಬರೆದು, ಗುಟ್ಟಾಗಿ ಮಕ್ಕಳಿಗೆ ದೀನ್ ಕಲಿಸಿದರು. ಪುಸ್ತಕಗಳನ್ನು ಗೋಡೆಯೊಳಗೆ, ನೆಲದ ಹಲಗೆಯ ಕೆಳಗೆ ಅಡಗಿಸಿದರು. 1884ರಲ್ಲಿ ಅರಗಾನಿನ ಒಂದು ಹಳ್ಳಿಯಲ್ಲಿ ಹಳೆಯ ಮನೆ ಕೆಡಹುವಾಗ ಅಂಥ ಪುಸ್ತಕಗಳ ರಾಶಿಯೇ ಸಿಕ್ಕಿತು. ದೊರೆಗಳು ರಾಜ್ಯವನ್ನು ಕಾಪಾಡಲಾರದೆ ಹೋದರು. ಹೆಸರಿಲ್ಲದ ತಂದೆ ತಾಯಂದಿರು ಕೈಲಾದದ್ದನ್ನು ಕಾಪಾಡಿದರು. ನಮ್ಮಿಂದ ಕೇಳಲಾಗುವುದು ಕೂಡ ನಮ್ಮ ಕೈಲಾದದ್ದನ್ನೇ.

ಯಾ ಅಲ್ಲಾಹ್, ನಮ್ಮ ಹೃದಯಗಳನ್ನು ಒಂದುಗೂಡಿಸು. ಮತ್ಸರದಿಂದ, ಹಟದಿಂದ ನಮ್ಮನ್ನು ಕಾಪಾಡು. ಕೊಟ್ಟ ಮಾತನ್ನು ಉಳಿಸಿಕೊಳ್ಳುವವರಲ್ಲಿ, ಇಬ್ಬರ ನಡುವೆ ಸಂಧಿ ಮಾಡಿಸುವವರಲ್ಲಿ ನಮ್ಮನ್ನು ಸೇರಿಸು. ನಮ್ಮ ಮಕ್ಕಳಿಗೆ ನಮ್ಮ ಜಗಳಗಳು ಆಸ್ತಿಯಾಗಿ ಹೋಗದಂತೆ ಮಾಡು. ನಮ್ಮ ನಾಡಿನ ಎಲ್ಲ ಜನರಿಗೂ ಶಾಂತಿ ನೆಮ್ಮದಿ ಕರುಣಿಸು. ಆಮೀನ್.